ಅಳಿಯ ಜಾರಿದ ಮೆಟ್ಟಿಲು

ಕೊರಿಯಾದ ಜೊಂಜು ಪೇಟೆಯ ಮೀನಂಗಡಿ ಪಕ್ಕ ಕಾಸು ಹಾಕಿ ಗುದ್ದುವ ಯಂತ್ರವೊಂದಿತ್ತು. ಗುದ್ದಿದರೆ ಅಂಕ ತೋರಿಸುತ್ತದೆ. ಗಿಲ್‌ಸು ಎರಡು ಲೋಟ ಸೋಜು ಸಾರಾಯಿ ಏರಿಸಿ ಅದಕ್ಕೊಂದು ಬಿಗಿದ. ಯಂತ್ರ ಕಿಣಿಕಿಣಿ ಎಂದಿತು, ಕೈ ಲಟಕ್ ಎಂದಿತು.

ಬೆಳಗಾಗುವುದರಲ್ಲಿ ಮುಷ್ಟಿ ಕುಂಬಳಕಾಯಿಯಾಗಿತ್ತು. ಆಸ್ಪತ್ರೆಯಲ್ಲಿ ಕಿರುಬೆರಳ ಬುಡದ ಮೂಳೆಗೆ ಪ್ಲೇಟ್ ಇಟ್ಟು, ಬಾಗಿಲಿಗೆ ಚಿಲಕ ಕೂರಿಸುವಂತೆ ಸ್ಕ್ರೂ ಬಿಗಿದರು. ಅವನಿಗೆ ನೋವಿಗಿಂತ ಅತ್ತೆಯ ಭಯ ಹೆಚ್ಚು. ಕುಡಿಯುವುದಿಲ್ಲವೆಂದು ಆಣೆ ಇಟ್ಟೇ ಅವರ ಮಗಳನ್ನು ಮದುವೆಯಾಗಿದ್ದ. ಸಾಲದ್ದಕ್ಕೆ ಅಂದೇ ಮನೆಮಂದಿಯೆಲ್ಲ ಸೇರಿ ಚಳಿಗಾಲಕ್ಕೆ ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿ ಹಾಕುವ ದಿನ. ಅತ್ತೆಯ ಅಂಗಳದಲ್ಲಿ ಕೋಸಿನ ರಾಶಿ ಸೂರ್ಯನನ್ನೇ ಮುಚ್ಚಿತ್ತು.

ಅತ್ತೆ ಮಾವ ಓಡಿ ಬಂದರು.

"ಏನಾಯ್ತು ಅಳಿಯಂದ್ರೇ?"

"ಮೆಟ್ಟಿಲು ಜಾರ್ತು ಅತ್ತೆ."

ಪಕ್ಕದ ಮಂಚದ ಮುದುಕ ಮುರಿದ ಕಾಲನ್ನೂ ಮರೆತು ಎದ್ದು ಕೂತ. "ಜಾರಿದ್ರೆ ಮಣಿಕಟ್ಟು ಹೋಗತ್ತೆ ಕಣಪ್ಪ. ಇದು ಗುದ್ದಿದೋರ ಮೂಳೆ. ಯಾರಿಗೆ ಬಿಟ್ಟೆ?"

ಅತ್ತೆಯ ಕಣ್ಣು ಸೂಜಿಯಾಯಿತು. ಅಳಿಯನಿಂದ ಫೋನಿನಲ್ಲಿ ನಿಜ ಮೊದಲೇ ಕೇಳಿದ್ದ ಮಾವ ನಡುವೆ ನುಗ್ಗಿದರು. "ನಾನೇ ಕಣ್ಣಾರೆ ನೋಡ್ದೆ ಕಣೇ. ಮೆಟ್ಟಿಲೇ!"

ಅತ್ತೆ ನರ್ಸ್ ಹತ್ತಿರ ಹೋದದ್ದೇ ತಡ, ಮಾವ ಕಿವಿಗೆ ಬಾಯಿಟ್ಟರು. "ಎಷ್ಟು ಬಂತು?"

"ಒಂಬೈನೂರು ಮಾವ."

"ಥೂ, ಅಷ್ಟಕ್ಕೇ ಮೂಳೆ ಕೊಟ್ಯಾ? ಸೈನ್ಯದಲ್ಲಿದ್ದಾಗ ನನ್ನ ಒಂದೇ ಏಟಿಗೆ ಎತ್ತು ಮಲಗ್ತಿತ್ತು."

"ನಿಮ್ಮ ಕತೆ ಕೇಳಿದ್ರೆ ಈಗ್ಲೂ ಮಲಗತ್ತೆ ಬಿಡಿ."

ಮಾವ ಟೋಪಿ ಹಾಕಿಕೊಂಡು ಹೊರಟರು.

ಸಂಜೆ ಗಿಲ್‌ಸು ಗಂಜಿ ಕುಡಿಯುತ್ತ, ಕಿಮ್ಚಿ ಕೆಲಸವೂ ತಪ್ಪಿತು ಬೈಗುಳವೂ ತಪ್ಪಿತು ಎಂದು ಹಿಗ್ಗುತ್ತಿದ್ದ. ಅಷ್ಟರಲ್ಲಿ ಗಾಲಿಕುರ್ಚಿಯಲ್ಲಿ ಮಾವ ಬಂದರು. ಕೈ ಕುಂಬಳಕಾಯಿ.

"ಮೆಟ್ಟಿಲು ಜಾರ್ತು ಕಣೇ," ಎಂದರು ಹೆಂಡತಿಗೆ.

ಡಾಕ್ಟರು ಎಕ್ಸ್‌ರೇ ನೋಡಿ, "ಅಳಿಯನಿಗೆ ಮುರಿದ ಮೂಳೆಯೇ. ಇವರಿಗೂ ಪ್ಲೇಟ್," ಎಂದರು. ಮಂಚದ ಮುದುಕ ನಕ್ಕೂ ನಕ್ಕೂ ಕೆಮ್ಮಿದ.

ಅತ್ತೆ ಇಬ್ಬರನ್ನೂ ನೋಡಿ, ಸರಕ್ಕನೆ ತಿರುಗಿ ಹೊರಟುಹೋದರು. ಉಳಿದೆವಪ್ಪ ಎಂದು ಮಾವ ಅಳಿಯ ಉಸಿರು ಬಿಡುವಷ್ಟರಲ್ಲಿ ಕಿಮ್ಚಿಯ ಬೆಳ್ಳುಳ್ಳಿ ಮೂಟೆ ಹೊತ್ತು ತಿರುಗಿ ಬಂದು, ಎರಡು ಮಂಚಗಳ ನಡುವೆ ದೊಪ್ಪೆಂದು ಹಾಕಿದರು.

"ಇಬ್ರದೂ ಎಡಗೈ ಗಟ್ಟಿಯಾಗಿದೆ. ಒಬ್ರು ಹಿಡ್ಕೊಳ್ಳಿ, ಒಬ್ರು ಸುಲೀರಿ. ಸೋಜು ಲೋಟದ ವಿಷ್ಯ ಮೀನಂಗಡಿಯೋಳು ಹೇಳಿದ್ಳು. ಅದನ್ನ ಮನೇಲಿ ಮಾತಾಡೋಣ."

ಬಾಗಿಲಲ್ಲಿ ನಿಂತು, ಕೋಸು ತಿರುವಿ ತಿರುವಿ ಕಬ್ಬಿಣವಾಗಿದ್ದ ಬಲಗೈಯನ್ನು ಏಪ್ರನ್ನಿಗೆ ಒರೆಸಿಕೊಂಡರು.

"ಬರ್ತಾ ಆ ಮೆಟ್ಟಿಲಿಗೆ ನಾನೂ ಒಂದು ಬಿಟ್ಟೆ. ಒಂಬೈನೂರ ಐವತ್ತು."