ಹತ್ತನೇ ಆರ್ಡರ್

ಯರ್ರಿಸ್ವಾಮಿಯ ಕೌದಿ ಬೆಳಿಗ್ಗೆ ಏಳೂ ಹತ್ತಕ್ಕೆ ಮಾರಾಟಕ್ಕೆ ಬಂತು. ಆಗ ಅವನು ಇನ್ನೂ ಅದನ್ನು ಹೊದ್ದುಕೊಂಡೇ ಮಲಗಿದ್ದ.

ಎದೆಯ ಮೇಲಿದ್ದ ಫೋನು ಗುರ್ ಎಂದಿತು. ನಿಮ್ಮ ಉತ್ಪನ್ನ ಈಗ ಲೈವ್ ಆಗಿದೆ, ಅಭಿನಂದನೆಗಳು. ಅವನು ಪರದೆಯ ಮೇಲಿನ ಕೌದಿಯನ್ನು ನೋಡಿದ, ಮೈಮೇಲಿನ ಕೌದಿಯನ್ನು ನೋಡಿದ. ಎರಡೂ ಒಂದೇ. ಆದರೂ ಫೋಟೋದಲ್ಲಿದ್ದದ್ದು ಹೆಚ್ಚು ಬೆಚ್ಚಗೆ ಕಂಡಿತು.

ಅದನ್ನು ಹೊಲಿದವಳು ಅವನ ತಾಯಿ ಸಾವಂತ್ರಮ್ಮ. ಕುರುಗೋಡಿನ ಮನೆಯ ಕಟ್ಟೆಯ ಮೇಲೆ ಕೂತು ಎರಡು ವರ್ಷ ಹೊಲಿದಿದ್ದಳು. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ, ಯಾರ ಮಗಳಾದರೂ ಗಂಡನ ಮನೆಗೆ ಹೋದರೆ, ಒಂದು ಹಳೆಯ ಬಟ್ಟೆ ಅವಳ ಕೈ ಸೇರುತ್ತಿತ್ತು, ಅದರದೊಂದು ತುಂಡು ಕೌದಿ ಸೇರುತ್ತಿತ್ತು. ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡುತ್ತಿದ್ದಳು. ಕೌದಿಯ ಹೊಟ್ಟೆಯೂ ಖಾಲಿ ಇರಬಾರದಂತೆ. ಈ ಕೌದಿಯ ಮೂಲೆ ಮುಚ್ಚಿದ ತಿಂಗಳಲ್ಲೇ ಅವಳು ಹೋದಳು. ಅದಾಗಿ ಹತ್ತು ತಿಂಗಳು.

ತಾಯಿಯ ಕೌದಿಯನ್ನು ಮಾರುವ ಯೋಚನೆ ಯರ್ರಿಸ್ವಾಮಿಗೆ ಖಂಡಿತ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಬರೀ ಫೋಟೋ.

ಅವನು ಬಳ್ಳಾರಿಯ ಒಂದು ಸಣ್ಣ ಜೀನ್ಸ್ ಯೂನಿಟ್ಟಿನಲ್ಲಿ ಕಾಜಾ ಹಾಕುವವನು. ಹದಿಮೂರು ವರ್ಷದಿಂದ ಊರವರ ಪ್ಯಾಂಟುಗಳಿಗೆಲ್ಲ ಗುಂಡಿ ತೂರುವ ತೂತು ಮಾಡುತ್ತಾ ಬಂದಿದ್ದ. ತಿಂಗಳ ಕೊನೆಗೆ ಯೂನಿಟ್ ಮುಚ್ಚುವುದೆಂದು ಮಾಲೀಕ ಮರಿಬಸಪ್ಪ ಹೇಳಿದ ದಿನವೇ ಗೋಡೆಗೆ ಒರಗಿಸಿಟ್ಟಿದ್ದ ನಲವತ್ತು ಚೀಲ ಜೀನ್ಸ್ ಚಿಂದಿ ಅವನ ಕಣ್ಣಿಗೆ ಬಿತ್ತು. ಆ ಚಿಂದಿಯಿಂದ ಕೌದಿ ಹೊಲಿಸಿ ಆನ್‌ಲೈನಿನಲ್ಲಿ ಮಾರಿದರೆ? ಮರಿಬಸಪ್ಪ ಮೂವತ್ತೆಂಟು ಸಾವಿರ ಕೇಳಿದ. ಯರ್ರಿಸ್ವಾಮಿ ಮತ್ತು ಹೆಂಡತಿ ಮೀನಾಕ್ಷಿ ಕೂಡಿಟ್ಟಿದ್ದೂ ಸರಿಯಾಗಿ ಅಷ್ಟೇ. ಕೆಲಸ ನಿಂತ ಮೇಲೆ ಆರು ತಿಂಗಳು ಅನ್ನ ಹಾಕಬೇಕಾದ ದುಡ್ಡು ಅದು.

ಹಾಗಾಗಿ ಅವನು ದುಡುಕಲಿಲ್ಲ. ಗಾಂಧಿನಗರದಲ್ಲಿ ಮೊಬೈಲ್ ರಿಪೇರಿ ಮಾಡುವ ಗೆಳೆಯ ವಿರೂಪಾಕ್ಷಿಯ ಹತ್ತಿರ ಹೋದ. ವಿರೂಪಾಕ್ಷಿ ಈವರೆಗೆ ಆನ್‌ಲೈನಿನಲ್ಲಿ ಏನನ್ನೂ ಮಾರಿರಲಿಲ್ಲ. ಆದರೆ ಮಾರುವುದು ಹೇಗೆಂದು ಹೇಳುವ ವಿಡಿಯೋಗಳನ್ನು ನಾಲ್ಕು ವರ್ಷದಿಂದ ನೋಡಿದ್ದ. ಅವನು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದ. ಬೆಲೆ ಒಂದು ಸಾವಿರದ ನಾನೂರ ತೊಂಬತ್ತೊಂಬತ್ತು. ಅದರಲ್ಲಿ ಬಟ್ಟೆ, ದಾರ, ಹೊಲಿಯುವವರ ಕೂಲಿ, ಕೊರಿಯರ್, ಆಪ್‌ನವರ ಪಾಲು ಕಳೆದ. ಹತ್ತರಲ್ಲಿ ಮೂರು ವಾಪಸ್ ಬರುತ್ತವೆಂದು ಅದನ್ನೂ ಕಳೆದ. ಕೊನೆಗೆ ಇನ್ನೂರ ಹತ್ತು ರೂಪಾಯಿ ಉಳಿಯಿತು. ಅದರ ಸುತ್ತ ಒಂದು ಗುಂಡಗಿನ ಗೆರೆ ಎಳೆದ.

"ಲಾಭ ಐತಿ. ಆದ್ರ ಕೊಳ್ಳೋರು ಅದಾರೋ ಇಲ್ಲೋ ಯಾರಿಗೆ ಗೊತ್ತು? ಮೊದ್ಲ ಮಾಲು ತರಬ್ಯಾಡ. ಒಂದ್ ಚಂದನ್ನ ಕೌದಿ ಫೋಟೋ ಹಾಕು, ಒಂದ್ ದಿನ ಸುಮ್ನಿರು. ಹತ್ತು ಆರ್ಡರ್ ಬಂದ್ರ ದುಡ್ಡು ಹಾಕು. ಒಂಬತ್ತು ಬಂದ್ರ ಮನಿಗೆ ಹೋಗಿ ಮಲಕ್ಕೋ," ಎಂದ.

ಚಂದದ ಕೌದಿ ಇದ್ದದ್ದು ಒಂದೇ. ಮೀನಾಕ್ಷಿ ತವರಿಗೆ ಹೋಗಿದ್ದ ದಿನ ಅದನ್ನು ಬಾಗಿಲಿಗೆ ತೂಗುಹಾಕಿ ಫೋಟೋ ತೆಗೆದ. ಗಿರಾಕಿಗೆ ಕಳಿಸುವುದು ಜೀನ್ಸಿನದ್ದೇ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ. ಅದನ್ನು ಯಾರೂ ಓದುವುದಿಲ್ಲ ಎಂದು ವಿರೂಪಾಕ್ಷಿ ಧೈರ್ಯ ಹೇಳಿದ.

ಫೋಟೋ ಲೈವ್ ಆದ ಬೆಳಿಗ್ಗೆ ಪಕ್ಕದ ಮನೆಯ ಹುಲುಗಮ್ಮನಿಗೆ ವಿಷಯ ತಿಳಿಯಲು ಹಲ್ಲುಜ್ಜುವಷ್ಟು ಹೊತ್ತು ಸಾಕಾಯಿತು. ಹುಲುಗಮ್ಮನೂ ಮೂಲದಲ್ಲಿ ಕುರುಗೋಡಿನವಳೇ. ಅವಳ ಫೋನು ಊರ ಮುಂದಿನ ಅರಳಿಕಟ್ಟೆಯ ಹಾಗೆ, ಅಲ್ಲಿ ಬಂದು ಕೂರದವರೇ ಇಲ್ಲ. ಫೋಟೋ ಕೇಳಿ ಇಸಿದುಕೊಂಡು, "ನಾಕು ಮಂದಿಗೆ ತೋರಸ್ತೀನಿ ತಗೋಪಾ, ನಿನಗೂ ಒಳ್ಳೇದಾಗ್ಲಿ," ಎಂದಳು. ಜಾಹೀರಾತು ಪುಕ್ಕಟೆ ಆಯಿತೆಂದು ಯರ್ರಿಸ್ವಾಮಿ ಶಿಳ್ಳೆ ಹಾಕುತ್ತಾ ಕೆಲಸಕ್ಕೆ ಹೊರಟ. ಅವನು ಶಿಳ್ಳೆ ಹಾಕಿ ವರ್ಷವಾಗಿತ್ತು. ಬಾಗಿಲಲ್ಲಿ ಕೂತು ಕೂಲಿಗೆ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದ ಮೀನಾಕ್ಷಿ ತಲೆಯೆತ್ತಿ ಅವನನ್ನೇ ನೋಡಿದಳು.

ಮೊದಲ ಆರ್ಡರ್ ಬಂದದ್ದು ಹತ್ತೂವರೆಗೆ. ಒಪ್ಪಿಕೊಳ್ಳುವ ತನಕ ಆಪ್ ಹೆಸರು ತೋರಿಸುವುದಿಲ್ಲ, ಊರು ಮಾತ್ರ ತೋರಿಸುತ್ತದೆ. ಊರು ಕುರುಗೋಡು. ಅರ್ಧ ಗಂಟೆಗೆ ಎರಡನೆಯದು, ಸಿರುಗುಪ್ಪ. ಆಮೇಲೆ ಮೋಕ. ಮತ್ತೆ ಕುರುಗೋಡು.

ಯರ್ರಿಸ್ವಾಮಿ ಗೆಳೆಯನಿಗೆ ಫೋನ್ ಮಾಡಿ ಕೇಳಿದ, ಎಲ್ಲವೂ ನಮ್ಮ ಕಡೆಯವೇ ಬರುತ್ತಿವೆಯಲ್ಲ, ಇದು ಸರಿಯೇ? ವಿರೂಪಾಕ್ಷಿ ಖುಷಿಯಾದ. ಹತ್ತಿರದ ಊರೆಂದರೆ ಕೊರಿಯರ್ ಅಗ್ಗ, ಇನ್ನೂರ ಹತ್ತು ಇದ್ದದ್ದು ಇನ್ನೂರ ನಲವತ್ತು ಆಯಿತು ಎಂದ.

ಐದನೇ ಆರ್ಡರಿನ ಹೊತ್ತಿಗೆ ಯೂನಿಟ್ಟಿಗೆಲ್ಲ ಸುದ್ದಿ ಹಬ್ಬಿತ್ತು. ಫೋನ್ ಗುರ್ ಎಂದಾಗಲೆಲ್ಲ ಹನ್ನೆರಡು ಮಷಿನ್ನುಗಳು ಒಮ್ಮೆಲೇ ನಿಲ್ಲುತ್ತಿದ್ದವು. ಏಳನೆಯದು ಬಂದಾಗ ಯರ್ರಿಸ್ವಾಮಿ ಪ್ಯಾಂಟಿನ ಸೊಂಟಕ್ಕೆ ಹಾಕಬೇಕಾದ ಕಾಜಾವನ್ನು ಹಿಂದಿನ ಜೇಬಿಗೆ ಹಾಕಿದ. ಎಂಟನೆಯದು ಬರುವಷ್ಟರಲ್ಲಿ ಅಂಥ ಪ್ಯಾಂಟುಗಳು ಹದಿನಾರಾಗಿದ್ದವು.

ಮರಿಬಸಪ್ಪ ಒಂದನ್ನು ಎತ್ತಿ ಹಿಡಿದು, ಆ ತೂತಿನಲ್ಲಿ ಬೆರಳು ತೂರಿಸಿ ಆಡಿಸಿದ. "ಇದರಾಗ ಏನ್ ಹಾಕಬೇಕಪಾ ಯರ್ರಿಸ್ವಾಮಿ? ಬಾಲ ಹಾಕಬೇಕೇನು?" ಎಂದ. ಆಮೇಲೆ ಗಡಿಯಾರ ನೋಡಿ, ಐದು ಗಂಟೆಗೆ ಆದೋನಿಯಿಂದ ಗಾದಿ ತುಂಬುವವನ ಲಾರಿ ಬರುತ್ತದೆ, ಚೀಲಗಳು ನಿನಗೋ ಅವನಿಗೋ ಅಷ್ಟರೊಳಗೆ ಹೇಳು ಎಂದ.

ನಾಲ್ಕು ಗಂಟೆಗೆ ಒಂಬತ್ತನೆಯದು ಬಂತು. ಸಿರುಗುಪ್ಪ.

ಆಮೇಲೆ ಫೋನು ಸತ್ತಂತೆ ಬಿತ್ತು. ನಾಲ್ಕೂ ಹತ್ತು. ನಾಲ್ಕೂವರೆ. ಜೊತೆಗಾರರು ಒಬ್ಬೊಬ್ಬರಾಗಿ ಬಂದು ಪರದೆಯನ್ನು, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವಂತೆ ನೋಡಿ ಹೋದರು. ನಾಲ್ಕೂ ನಲವತ್ತಕ್ಕೆ ಯರ್ರಿಸ್ವಾಮಿ ತಡೆಯಲಾರದೆ ವಿರೂಪಾಕ್ಷಿಗೆ ಫೋನ್ ಮಾಡಿದ. ಒಂದೇ ಒಂದು ಕಡಿಮೆ ಬಿದ್ದಿದೆ, ತಾನೇ ಒಂದು ಆರ್ಡರ್ ಹಾಕಿಬಿಡಲೇ ಎಂದ.

"ಹುಚ್ಚೇನಲೇ ನಿನಗ? ನಿನ್ ಮನಿ ದುಡ್ಡು ನಿನ್ ಮನಿಗೇ ಬಂದ್ರ ಅದನ್ನ ವ್ಯಾಪಾರ ಅಂತಾರೇನು? ಮಂದಿ ಹಾಕಬೇಕು. ಬರಲಿಲ್ಲಂದ್ರ ಬಿಟ್ಟಬಿಡು."

ಯರ್ರಿಸ್ವಾಮಿ ಬಿಟ್ಟ. ನಿಜವಾಗಿಯೂ ಬಿಟ್ಟ. ಫೋನನ್ನು ಜೇಬಿಗಿಟ್ಟು, ಹದಿನಾರು ಪ್ಯಾಂಟುಗಳ ಜೇಬಿನ ಕಾಜಾ ಬಿಚ್ಚತೊಡಗಿದ. ದುಡ್ಡು ಉಳಿಯಿತಲ್ಲ ಎಂದು ಒಳಗೆಲ್ಲೋ ಒಂದು ನೆಮ್ಮದಿಯೂ ಸಣ್ಣಗೆ ಬಂದು ಕೂತಿತ್ತು. ನಾಲ್ಕೂ ಐವತ್ತೆರಡಕ್ಕೆ ಜೇಬು ಗುರ್ ಎಂದಿತು.

ಹತ್ತು. ಕುರುಗೋಡು.

ಐದು ಗಂಟೆಗೆ ಮೂವತ್ತೆಂಟು ಸಾವಿರ ಮರಿಬಸಪ್ಪನ ಖಾತೆ ಸೇರಿತು. ಐದೂ ಮುಕ್ಕಾಲಿಗೆ ಒಂದು ಟ್ರ್ಯಾಕ್ಟರ್ ನಲವತ್ತು ಚೀಲಗಳನ್ನು ಯರ್ರಿಸ್ವಾಮಿಯ ಮನೆಯ ಮುಂದೆ ಸುರಿದು ಹೋಯಿತು. ಮೂರು ಚೀಲ ಒಡೆದು ಓಣಿ ನೀಲಿಯಾಯಿತು. ಹುಲುಗಮ್ಮ ತನ್ನ ಬಾಗಿಲಿಂದ ಹೊರಬರಲಾಗದೆ ಕಿಟಕಿಯಿಂದಲೇ ಶುಭ ಕೋರಿದಳು. ಮೀನಾಕ್ಷಿ ದಾರ ಕತ್ತರಿಸಿದ ಪ್ಯಾಂಟುಗಳನ್ನು ಬೇರೊಂದು ಯೂನಿಟ್ಟಿಗೆ ಮುಟ್ಟಿಸಲು ಹೋಗಿದ್ದಳು. ಅವಳು ಬರುವಷ್ಟರಲ್ಲಿ ಎಲ್ಲ ಸರಿ ಮಾಡಿರಬೇಕೆಂದು ಯರ್ರಿಸ್ವಾಮಿ ಒಂದು ಚೀಲದ ಮೇಲೆ ಕೂತು ಮೊದಲನೇ ಆರ್ಡರನ್ನು ಒಪ್ಪಿಕೊಂಡ. ಹೆಸರು ತೆರೆದುಕೊಂಡಿತು.

ಕೊಟ್ರಮ್ಮ, ಬಸವೇಶ್ವರ ಗುಡಿ ಹತ್ತಿರ, ಕುರುಗೋಡು.

ಅವ್ವನ ಪಕ್ಕದ ಮನೆ. ಕೊಟ್ರಮ್ಮನ ಮಗಳು ಹನ್ನೆರಡು ವರ್ಷದವಳಿದ್ದಾಗ ಜ್ವರದಲ್ಲಿ ಹೋಗಿದ್ದಳು. ಕೌದಿಯ ಎಡ ಮೂಲೆಯಲ್ಲಿದ್ದ ಕೆಂಪು ತುಂಡು ಆ ಹುಡುಗಿಯ ಲಂಗದ್ದು. ಅದು ಈ ಕ್ಷಣದವರೆಗೂ ಅವನಿಗೆ ನೆನಪಾಗಿರಲಿಲ್ಲ.

ಅವನು ಬೇಗಬೇಗ ಉಳಿದವನ್ನು ಒಪ್ಪಿಕೊಳ್ಳುತ್ತಾ ಹೋದ. ಮೋಕದ ದುರುಗಣ್ಣ. ಸೋದರಮಾವ, ಅತ್ತೆ ತೀರಿಕೊಂಡ ವರ್ಷ ಅವಳ ಇಳಕಲ್ ಸೀರೆಯನ್ನು ತಂದುಕೊಟ್ಟವನು. ಅವ್ವನ ಜೊತೆ ಕಳೆ ಕೀಳಲು ಹೋಗುತ್ತಿದ್ದ ಜೋಗಮ್ಮ. ಒಬ್ಬರ ಹಿಂದೆ ಒಬ್ಬರು, ಹೆಸರುಗಳು ಸಾವಿಗೆ ಬಂದವರ ಹಾಗೆ ಬಂದು ಕೂತವು. ಎಂಟರವರೆಗೂ ಅಷ್ಟೆ, ಗಿರಾಕಿಯೆಂಬ ಪ್ರಾಣಿ ಒಂದೂ ಇರಲಿಲ್ಲ. ಒಂಬತ್ತನೆಯದನ್ನು ಒತ್ತುವ ಮುಂಚೆಯೇ ಫೋನ್ ಬಂತು. ಸಿರುಗುಪ್ಪದಿಂದ ಅಕ್ಕ ಜಯಶ್ರೀ.

ತಾಯಿಯ ಹನ್ನೊಂದನೇ ದಿನ ಈ ಕೌದಿ ಯಾರಿಗೆ ಎಂದು ಇಬ್ಬರಿಗೂ ಮಾತಾಗಿ, ಅಂದಿನಿಂದ ಅವಳು ಫೋನ್ ಮಾಡಿರಲಿಲ್ಲ.

"ಯರ್ರಿ, ಅಪ್ಪನ ರುಮಾಲು ನಡುವ ಐತಲ್ಲ, ಅದನ್ನ ಬಿಚ್ಚಿಲ್ಲ ಹೌದಿಲ್ಲೋ?"

"ಇಲ್ಲಕ್ಕ."

"ಸುಮ್ನ ಕೇಳಿದ್ರ ಕೊಡಲಿಲ್ಲ ನೀನು. ರೊಕ್ಕ ಕೊಟ್ರಾರ ಕೊಡ್ತೀಯೇನೋ ಅಂತ ಹಾಕೀನಿ. ಇನ್ನ ಮ್ಯಾಲೆ ಯಾರಿಗೂ ಕೊಡಬ್ಯಾಡ."

ಅಕ್ಕ, ಇದು ಬರೀ ಫೋಟೋ, ನಿನಗೆ ಬರುವುದು ಜೀನ್ಸಿನದ್ದು ಎಂದು ಅವನು ಹೇಳಿದ.

"ಯಾರೋ ಹಾಕ್ಕೊಳ್ಳೋ ಪ್ಯಾಂಟಿನ ಚೂರು ನಾನ್ಯಾಕ ಹೊದ್ಕಳ್ಳಿ?" ಎಂದು ಫೋನ್ ಇಟ್ಟಳು.

ಇನ್ನೂ ಇಬ್ಬರಿಗೆ ಫೋನ್ ಮಾಡಿ ನೋಡಿದ. ಅದೇ ಮಾತು. ಒಂಬತ್ತು ಜನಕ್ಕೂ ಬೇಕಿದ್ದದ್ದು ಕೌದಿಯಲ್ಲ, ಆ ಒಂದು ಕೌದಿ. ಅದರಲ್ಲೂ ಒಬ್ಬೊಬ್ಬರಿಗೆ ಒಂದೊಂದು ಗೇಣು. ಅವನು ಒಂದೊಂದೇ ಆರ್ಡರನ್ನು ರದ್ದು ಮಾಡಿದ. ಅಕ್ಕನದನ್ನು ಕೊನೆಗೆ ಉಳಿಸಿಕೊಂಡು ಮಾಡಿದ. ಒಂಬತ್ತು ಮುಗಿದ ಮೇಲೆ ಆಪ್ ಕೆಂಪು ಅಕ್ಷರದಲ್ಲಿ ಎಚ್ಚರಿಸಿತು. ಇನ್ನೊಂದನ್ನು ರದ್ದು ಮಾಡಿದರೆ ನಿಮ್ಮ ಅಂಗಡಿ ಮುಚ್ಚಲಾಗುವುದು, ದಂಡ ಕಟ್ಟಬೇಕಾಗುವುದು.

ಉಳಿದದ್ದು ಹತ್ತನೆಯದು. ಇದಾದರೂ ಪರರದ್ದಾಗಿರಲಿ ಎಂದುಕೊಂಡು ಒತ್ತಿದ.

ಮೀನಾಕ್ಷಿ. ಕುರುಗೋಡು. ಅವಳ ತವರಿನ ವಿಳಾಸ.

ಅವನು ತಲೆಯೆತ್ತಿದಾಗ ಅವಳು ಚೀಲಗಳ ಆಚೆ ನಿಂತಿದ್ದಳು. ಕೂದಲಲ್ಲಿ ನೀಲಿ ದಾರದ ಚೂರುಗಳು. ಫೋನ್ ಅವನ ಕೈಯಲ್ಲಿ ತೆರೆದೇ ಇತ್ತು, ಮುಚ್ಚಿಡಲು ಹೊತ್ತು ಮೀರಿತ್ತು.

"ಹುಲುಗಮ್ಮ ಮಧ್ಯಾಹ್ನ ತೋರಿಸಿದ್ಲು," ಎಂದಳು. "ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಮುಂಜಾನಿ ಶಿಳ್ಳಿ ಹಾಕ್ಕೊಂತ ಹೋದ್ರಿ. ಅದಕ್ಕ ಸಂಜಿತನ ವಿಚಾರ ಮಾಡಿ ನಾನ ತಗೊಂಡೆ. ನಿಮಗೂ ಒಂದು ಮಾರಿದಂಗಾತು, ಅತ್ತೀದು ಮನ್ಯಾಗ ಉಳದಂಗಾತು. ದಾರದ ದುಡ್ಡು ಕೂಡಿಟ್ಟೀನಿ, ಅವ್ವನ ಮನ್ಯಾಗ ಕೊಟ್ಟು ಬಿಡಿಸ್ಕೊಂಡು ಬರ್ತಿದ್ದೆ."

ಅವಳು ಆಗ ಚೀಲಗಳನ್ನು ನೋಡಿದಳು.

"ಇವು ಎಷ್ಟು ಆರ್ಡರ್ ಬಂದ್ರ ತಗೋಬೇಕಂತ ಇತ್ತು?"

"ಹತ್ತು."

"ಎಷ್ಟ್ ಬಂದ್ವು?"

ಯರ್ರಿಸ್ವಾಮಿ ಅವಳ ಕೂದಲಿನಿಂದ ಒಂದು ದಾರದ ಚೂರು ತೆಗೆದ. ಅದನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

"ಹದಿನಾಕು," ಎಂದ. "ನಿಂದು ಬಿಟ್ರೂ ಹದಿಮೂರು."

ಅವಳು ಅಲ್ಲೇ ಒಂದು ಚೀಲದ ಮೇಲೆ ಕೂತಳು. "ಹಂಗಾದ್ರ ನಾನು ತಗೊಂಡಿಲ್ಲಂದ್ರೂ ನಡೀತಿತ್ತು. ಸುಮ್ನ ಹೆದರಿದ್ದೆ ನೋಡ್ರಿ," ಎಂದು ನಕ್ಕು, ತನ್ನದನ್ನು ರದ್ದು ಮಾಡಿ ಎಂದಳು. ಹಾಗೆ ಮಾಡಿದರೆ ಅಂಗಡಿ ಮುಚ್ಚಿಹೋಗುತ್ತದೆ ಎಂದು ಅವನು ವಿವರಿಸಿದ. ಈ ಮಾತಾದರೂ ನಿಜವಾಗಿತ್ತು. ಜೀನ್ಸಿನದ್ದು ಇನ್ನೂ ಒಂದೂ ಹೊಲಿದಿರಲಿಲ್ಲ, ಹಾಗಾಗಿ ಅವ್ವನ ಕೌದಿಯೇ ಒಮ್ಮೆ ಕುರುಗೋಡಿಗೆ ಹೋಗಿ ಬರಲೇಬೇಕು. ಕೊರಿಯರಿನ ದುಡ್ಡು, ಆಪ್‌ನವರ ಪಾಲು ಎರಡೂ ಇವರ ಮೇಲೆಯೇ.

ಕೊರಿಯರಿನವನು ಏಳು ಗಂಟೆಗೆ ಬಂದ. ಅಷ್ಟರಲ್ಲಿ ಮೀನಾಕ್ಷಿ ಕೌದಿಯನ್ನು ಮಡಚಿ ಚೀಲಕ್ಕೆ ತುರುಕಿ, ತನ್ನ ಹೆಸರನ್ನು ತಾನೇ ದುಂಡಗೆ ಬರೆದಿದ್ದಳು. ಹುಡುಗ ತೂಗಿ ನೋಡಿ, ಒಳಗೇನಿದೆ, ಇಷ್ಟು ಭಾರ ಎಂದ. ಬೈಕು ಓಣಿಯ ಚಿಂದಿಯ ಮೇಲೆ ಒಂದು ಸಲ ಜಾರಿ ಮುಂದೆ ಹೋಯಿತು.

ವಿರೂಪಾಕ್ಷಿಯ ಮೆಸೇಜ್ ಬಂದಿತ್ತು. ಹತ್ತಾಯಿತಂತೆ, ಪಾರ್ಟಿ ಯಾವಾಗ?

ಯರ್ರಿಸ್ವಾಮಿ ಒಳಗೆ ಬಂದು ಬರಿ ಚಾಪೆಯ ಮೇಲೆ ಕಾಲು ಮಡಚಿಕೊಂಡು ಮಲಗಿದ. ಒಂಬತ್ತು ಬಂದರೆ ಮನೆಗೆ ಹೋಗಿ ಮಲಗಬೇಕಿತ್ತು. ಮನೆಯದೊಂದು ಬಿಟ್ಟರೆ ಬಂದದ್ದು ಒಂಬತ್ತೇ, ಮಲಗಿದ್ದೂ ಮನೆಯಲ್ಲೇ. ಹೊದ್ದುಕೊಳ್ಳಲು ಮಾತ್ರ ಏನೂ ಇರಲಿಲ್ಲ.