ನೆಟ್ ಬಿಗಿ ಮಾಡುವಷ್ಟು ಹೊತ್ತು

ವೀರಮ್ಮನ ಗಿಟಾರಿಗೆ ಇಡೀ ನರಸಿಂಹರಾಜಪುರದಲ್ಲಿ ಇದ್ದದ್ದು ಒಬ್ಬನೇ ಒಬ್ಬ ಅಭಿಮಾನಿ. ಅವತ್ತಿನ ತಾಪತ್ರಯಕ್ಕೆಲ್ಲ ಮೂಲವೂ ಅವನೇ. ಅವನೊಂದು ನಾಯಿ.

ಹೆಸರು ಮೆಂಬರ್. ಊರಿನಲ್ಲಿ ಯಾವ ಮೀಟಿಂಗ್ ನಡೆದರೂ ತಪ್ಪದೆ ಹೋಗಿ, ಮುಂದಿನ ಸಾಲಿನ ಕುರ್ಚಿಯ ಕೆಳಗೆ ನಿದ್ದೆ ಹೊಡೆದು, ಬಿಸ್ಕತ್ತು ಬರುವಾಗ ಮಾತ್ರ ಏಳುತ್ತಿದ್ದುದರಿಂದ ಜನ ಇಟ್ಟ ಹೆಸರು ಅದು. ಯಾರ ಮನೆಯ ನಾಯಿಯೂ ಅಲ್ಲ. ಆದರೆ ವೀರಮ್ಮ ಗಿಟಾರಿನ ತಂತಿ ಮುಟ್ಟಿದಳೋ, ಎಲ್ಲಿದ್ದರೂ ಓಡಿ ಬಂದು ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಮೂತಿಯನ್ನು ಆಕಾಶಕ್ಕೆ ಎತ್ತಿ, "ಊ..." ಎಂದು ರಾಗ ತೆಗೆಯುತ್ತಿತ್ತು.

ಗಿಟಾರು ವೀರಮ್ಮನ ನಾದಿನಿಯ ಮಗಳು ಶ್ವೇತಳದ್ದು. ಮದುವೆಯಾಗಿ ಹೋಗುವಾಗ, "ಅತ್ತೆ, ನಿಮ್ಮಲ್ಲೇ ಇರಲಿ" ಎಂದು ಅದನ್ನೂ, ಕರೆಂಟಿಗೆ ಹಾಕಿದರೆ ಅದರ ಸದ್ದು ಹೊರಡಿಸುವ ಆಂಪನ್ನೂ ಇಟ್ಟುಹೋಗಿದ್ದಳು. ಅಕ್ಕಿ ಡಬ್ಬಿಯಷ್ಟಿದ್ದ ಆ ಆಂಪಿನ ಮೇಲೆ ವೀರಮ್ಮ ಬಹಳ ದಿನ ಹೂವಿನ ಕುಂಡ ಇಟ್ಟಿದ್ದಳು. ಒಂದು ಮಧ್ಯಾಹ್ನ ಧೂಳು ಒರೆಸುವಾಗ ಬೆರಳು ತಂತಿಗೆ ತಾಗಿತು. ತಂತಿ ಏನೋ ಅಂದಿತು. ಮನೆಯಲ್ಲಿ ಬಹಳ ಕಾಲದ ಮೇಲೆ ಯಾರೋ ತನ್ನನ್ನೇ ಮಾತಾಡಿಸಿದ ಹಾಗಾಯಿತು ಅವಳಿಗೆ. ಕುಂಡ ಕೆಳಗಿಳಿಯಿತು. ಫೋನಿನಲ್ಲಿ ನೋಡಿ ನೋಡಿ, ಬೆರಳ ತುದಿ ಕೆಂಪಾಗಿಸಿಕೊಂಡು, ಅಮ್ಮ ಹೇಳುತ್ತಿದ್ದ ಒಂದು ವಚನವನ್ನು ತಂತಿಯ ಮೇಲೆ ಕೂರಿಸಿದಳು.

ಗಂಡ ವೃಷಭೇಂದ್ರಪ್ಪನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಜೊತೆಗೆ ಕ್ರೀಡಾ ಸಂಘದ ಅಧ್ಯಕ್ಷಗಿರಿ. ಸಂಘದ ವಾಲಿಬಾಲ್ ಟೂರ್ನಮೆಂಟಿನಲ್ಲಿ ತಾನೂ ಒಮ್ಮೆ ಸ್ಟೇಜಿನ ಮೇಲೆ ನುಡಿಸಲೇ ಎಂದು ವೀರಮ್ಮ ಕೇಳಿದಾಗ, ಅವನು ಸಿಮೆಂಟಿನ ರೇಟು ಹೇಳುವ ಮುಂಚೆ ಯೋಚಿಸುವಷ್ಟೇ ಯೋಚಿಸಿ ಅಂದಿದ್ದ:

"ಸೆಮಿಫೈನಲ್ ಆದ್ಮೇಲೆ ನೆಟ್ ಬಿಗಿ ಮಾಡ್ಬೇಕು, ಸುಣ್ಣದ ಗೆರೆ ಹಾಕ್ಬೇಕು. ಅಷ್ಟು ಹೊತ್ತು ನುಡಿಸ್ಕೋ."

ಅಷ್ಟು ಸಾಕಿತ್ತು ಅವಳಿಗೆ. ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಟೂರ್ನಮೆಂಟಿಗೂ ಉಪ್ಪಿಟ್ಟು ಬಡಿಸಿದವಳು. ತಟ್ಟೆ ತೆಗೆದುಕೊಳ್ಳುವವರು ತಟ್ಟೆ ನೋಡುತ್ತಾರೆ, ಬಡಿಸುವವಳ ಮುಖ ನೋಡುವುದಿಲ್ಲ. ಒಂದು ಸಲ, ಒಂದೇ ಒಂದು ಸಲ, ಈ ಊರು ಕೂತು ತನ್ನ ಗಿಟಾರು ಕೇಳಬೇಕು.

ಟೂರ್ನಮೆಂಟಿನ ಭಾನುವಾರ ಬೆಳಿಗ್ಗೆ ಕೊನೆಯ ಸಲ ನುಡಿಸಿ ನೋಡೋಣವೆಂದು ಕೂತಳು. ಮೆಂಬರ್ ಹಾಜರಾಯಿತು. "ಊ..."

ಅದು ಮೂತಿ ಇಳಿಸುವುದರೊಳಗೆ ಎದುರುಮನೆಯ ಚಿಕ್ಕಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

"ವೀರಮ್ಮೋರೆ, ನಿಲ್ಸಿ ಮಾರಾಯ್ತಿ! ನಮ್ಮನೆಯವರು ಮತ್ತೆ ಮಲಗಿದ್ರು."

ಚಿಕ್ಕಕ್ಕನ ಗಂಡ ಗಿಡ್ಡಯ್ಯ ಮರದ ಡಿಪೋದಲ್ಲಿ ಕಾವಲಿಗಿದ್ದು ನಿವೃತ್ತನಾದವನು. ಆನೆಗೆ ಹೆದರಿದವನಲ್ಲ, ಆದರೆ ನಾಯಿ ಊಳಿಟ್ಟರೆ ಎದುರುಮನೆಯಲ್ಲಿ ಸಾವು ಎಂದು ಯಾರೋ ಹೇಳಿದ್ದು ಅವನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ವೀರಮ್ಮ ಗಿಟಾರು ಹಿಡಿದ ದಿನವೆಲ್ಲ ಅವನು ಸ್ನಾನ ಮಾಡಿ, ಮಡಿಸಿಟ್ಟ ಪಂಚೆ ಉಟ್ಟು, ಜಗಲಿಯ ಮೇಲೆ ದಕ್ಷಿಣಕ್ಕೆ ಕಾಲು ಚಾಚಿ ಮಲಗಿಬಿಡುತ್ತಿದ್ದ.

"ನೀವು ಒಂದು ಹಾಡು ಕಲಿಯೋದ್ರೊಳಗೆ ಇವರು ಎಷ್ಟು ಸಲ ಸಾಯ್ಬೇಕು ಹೇಳಿ? ಮಲಗಿದಲ್ಲಿಗೇ ಕಾಫಿ ಕೊಟ್ಟೂ ಕೊಟ್ಟೂ ನನ್ನ ಸೊಂಟ ಹೋಯ್ತು."

ಜಗಲಿಯಿಂದ ಗಿಡ್ಡಯ್ಯನ ದನಿ ಬಂತು: "ಸಕ್ಕರೆ ಕಮ್ಮಿ ಆಗಿತ್ತು!"

ಅಷ್ಟರಲ್ಲಿ ಆಂಪನ್ನು ಮೈದಾನಕ್ಕೆ ಒಯ್ಯಲು ಮೈಕ್ ಸೆಟ್ಟಿನ ಷಡಕ್ಷರಿ ಆಟೋ ತಂದು ನಿಲ್ಲಿಸಿದ. ವಿಷಯ ಕೇಳಿ ನಕ್ಕು, ತನ್ನ ಕುತ್ತಿಗೆಯಲ್ಲಿದ್ದ ದಪ್ಪ ಹೆಡ್‌ಫೋನ್ ತೆಗೆದು ಕೊಟ್ಟ.

"ಇದನ್ನ ಆಂಪಿಗೆ ಚುಚ್ಚಿ ಕಿವಿಗೆ ಹಾಕ್ಕೊಳ್ಳಿ ಅಕ್ಕ. ನಾಯಿಗೂ ಕೇಳಲ್ಲ, ಯಮನಿಗೂ ಕೇಳಲ್ಲ. ನಾನು ಟೀ ಕುಡಿದು ಬರ್ತೀನಿ, ಅಲ್ಲಿವರೆಗೆ ನುಡಿಸಿ."

ಚುಚ್ಚಿದಳು. ಕಿವಿಯೊಳಗೆ ಗಿಟಾರು ಜೇನುಗೂಡಿನ ಹಾಗೆ ತುಂಬಿಕೊಂಡಿತು. ಹೊರಗೆ ನಿಶ್ಶಬ್ದ. ಮೆಂಬರ್ ಕತ್ತು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ, ಊಟಕ್ಕೆ ಕರೆದು ಎಲೆ ಹಾಕದವರನ್ನು ನೋಡುವ ಹಾಗೆ ಅವಳನ್ನು ನೋಡಿತು. ಗಿಡ್ಡಯ್ಯ ಎದ್ದು ಕೂತು ತಿಂಡಿ ಕೇಳಿದ.

ವೃಷಭೇಂದ್ರಪ್ಪ ಬಾಗಿಲಲ್ಲಿ ನಿಂತು ಬಾಯಿ ಆಡಿಸಿದ್ದು ಕಂಡಿತು. ಶರ್ಟು ಕೇಳುತ್ತಿದ್ದಾನೆಂದು ಅಂದಾಜಿನಲ್ಲೇ ಉತ್ತರ ಕೊಟ್ಟಳು: "ಮಂಚದ ಮೇಲಿದೆ!"

ದನಿಯ ಬಿರುಸಿಗೆ ವೃಷಭೇಂದ್ರಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಎದುರುಮನೆಯಲ್ಲಿ ಗಿಡ್ಡಯ್ಯ ತನ್ನ ಮಂಚದ ಮೇಲೆ ಹುಡುಕತೊಡಗಿದ.

ಷಡಕ್ಷರಿ ಬಂದು ಆಂಪು ಒಯ್ದ. ವೀರಮ್ಮ ಗಿಟಾರನ್ನು ಬೆನ್ನಿಗೆ, ಹೆಡ್‌ಫೋನನ್ನು ಕುತ್ತಿಗೆಗೆ ಹಾಕಿಕೊಂಡು ಮೈದಾನಕ್ಕೆ ಹೊರಟಳು. ಹಿಂದೆ ಮೆಂಬರ್. ದಾರಿಯಲ್ಲಿ ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ.

"ಎಂತದು ಕುತ್ತಿಗೆಗೆ, ಡಾಕ್ಟ್ರ ಹಾಗೆ? ನಾಯಿಗೆ ಹುಷಾರಿಲ್ವಾ?"

"ನಾಯಿ ನಮ್ಮದಲ್ಲ."

"ಪಾಪ, ಯಾರದ್ದಾದ್ರೇನು, ಔಷಧಿ ಕೊಡ್ಸಿ."

ಮೈದಾನದಲ್ಲಿ ಸೀತೂರಿಗೂ ಅಡ್ಡಗದ್ದೆಗೂ ಸೆಮಿಫೈನಲ್. ಮೈಕು ಹಿಡಿದವನು ಸಂಘದ ಕಾರ್ಯದರ್ಶಿ ಸೋಮನಾಥ್. ಅವನ ಬಾಯಿ ಅಡಿಕೆ ಸುಲಿಯುವ ಮೆಷಿನ್ನಿನ ಹಾಗೆ. ಒಮ್ಮೆ ಶುರುವಾದರೆ ಒಳಗೆ ಏನು ಬೀಳುತ್ತಿದೆ ಎಂದು ಅದೂ ನೋಡುವುದಿಲ್ಲ. "ಅತ್ಯಂತ ಮನೋಹರವಾದ ಹೊಡೆತ! ಚೆಂಡು ಗಗನಚುಂಬಿಯಾಗಿ ಸಾಗಿದೆ! ಕೆ.ಎ. ಹದಿನೆಂಟು ನಂಬರಿನ ಬೈಕಿನವರು ದಯವಿಟ್ಟು ಬೈಕ್ ತೆಗೆಯಿರಿ!"

ಉಪ್ಪಿಟ್ಟಿನ ಮೇಜಿನ ಹಿಂದೆ ಕೂತು ವೀರಮ್ಮ ತಂತಿಗಳ ಶ್ರುತಿ ನೋಡಿದಳು. ತಂತಿ ಮೀಟುವ ಪಿಕ್ಕು, ಹುಣಸೆ ಬೀಜದ ಬಣ್ಣದ ಒಂದು ಪ್ಲಾಸ್ಟಿಕ್ ಚೂರು, ಮಡಿಲಲ್ಲಿತ್ತು. ಮೆಂಬರ್ ಅದನ್ನು ಮೂಸಿತು. ಬೆಳಗಿನಿಂದ ಸಂಗೀತವಿಲ್ಲದೆ ಕಂಗೆಟ್ಟಿದ್ದ ಪ್ರಾಣಿ. ಅದರೊಳಗೇ ಹಾಡು ಇದೆ ಎಂದುಕೊಂಡಿತೋ ಏನೋ, ಬಾಯಿಗೆ ಹಾಕಿಕೊಂಡು ಓಟ ಕಿತ್ತಿತು.

"ಏ! ಬಿಡು! ಉಗಿ!" ವೀರಮ್ಮ ಹಿಂದೆಯೇ ಓಡಿದಳು.

"ಇದೀಗ ಅಂಕಣಕ್ಕೆ ಮೆಂಬರ್ ಪ್ರವೇಶ!" ಸೋಮನಾಥನ ದನಿ ಎದ್ದಿತು. "ಹಿಂದೆಯೇ ನಮ್ಮ ಅಧ್ಯಕ್ಷರ ಧರ್ಮಪತ್ನಿ! ಅಮ್ಮನವರದು ಮಿಂಚಿನ ವೇಗ! ಚಪ್ಪಲಿ ಒಂದು ಕಡೆ, ಅಮ್ಮನವರು ಒಂದು ಕಡೆ!"

ಆಗಲೇ ಅಡ್ಡಗದ್ದೆಯವರು ಹೊಡೆದ ಚೆಂಡು ನೇರ ಬಂದು ಮೆಂಬರ್‌ನ ಬೆನ್ನಿಗೆ ಬಡಿದು, ಪುಟಿದು, ನೆಟ್ ದಾಟಿ, ಅವರದೇ ಗೆರೆಯೊಳಗೆ ಬಿತ್ತು. ಮೆಂಬರ್ ಗಾಬರಿಯಲ್ಲಿ ಪಿಕ್ಕು ನುಂಗಿತು.

ಸೀತೂರಿನವರು ಕುಣಿದರು. ಅಡ್ಡಗದ್ದೆಯ ಕ್ಯಾಪ್ಟನ್ ದೇವರಾಜ ರೆಫರಿಯ ಏಣಿ ಹಿಡಿದು ಅಲ್ಲಾಡಿಸಿದ. "ಎಂತದು ಮಾರಾಯ್ರೆ ಇದು? ಏಳು ಜನ ಇಟ್ಕೊಂಡು ಆಡ್ತಾ ಇದ್ದಾರಲ್ಲ!"

"ನಾಯಿ ನಮ್ಮ ಟೀಮಿಂದಲ್ಲ," ಅಂದ ಸೀತೂರಿನವನೊಬ್ಬ.

"ಹಾಗಾದ್ರೆ ಯಾರದ್ದು?"

ಇಡೀ ಮೈದಾನ ವೀರಮ್ಮನ ಕಡೆ ಬೆರಳು ತೋರಿಸಿತು. ಇಷ್ಟು ವರ್ಷದಲ್ಲಿ ಊರು ಅವಳ ಮುಖ ನೋಡಿದ್ದು ಅದೇ ಮೊದಲು.

ವೃಷಭೇಂದ್ರಪ್ಪ ಬೆವರೊರೆಸಿಕೊಳ್ಳುತ್ತ ಬಂದ. ಆ ಪಾಯಿಂಟು ಮತ್ತೆ ಆಡುವುದೆಂದು ತೀರ್ಪು ಕೊಟ್ಟು, ಹೆಂಡತಿಯ ಕಿವಿಯಲ್ಲಿ ಅಂದ: "ಈ ನಾಯಿ ಇನ್ನೊಂದು ಸಲ ಬಾಯಿ ತೆಗೆದ್ರೆ ನಿನ್ನ ಕಾರ್ಯಕ್ರಮ ಇಲ್ಲ. ನನ್ನ ಮರ್ಯಾದೆ ಪ್ರಶ್ನೆ."

ವೀರಮ್ಮ ಮೆಂಬರನ್ನು ಉಪ್ಪಿಟ್ಟಿನ ಮೇಜಿನ ಕೆಳಗೆ ಕೂರಿಸಿ, ಊಳಿಡದಂತೆ ಬಾಯಿಗೆ ಉಪ್ಪಿಟ್ಟು ತುರುಕುತ್ತಲೇ ಇದ್ದಳು. ಪಿಕ್ಕಿನ ಬದಲಿಗೆ ಒಂದು ಪ್ಲಾಸ್ಟಿಕ್ ಚಮಚ ಮುರಿದುಕೊಂಡಳು. ಸೀತೂರು ಗೆದ್ದಿತು. ಸುಣ್ಣದ ಬಕೆಟ್ಟು ಬಂತು, ನೆಟ್ಟಿನ ಹಗ್ಗ ಸಡಿಲಿಸಿದರು. ಸೋಮನಾಥ್ ಕೂಗಿದ: "ಈಗ ಅಧ್ಯಕ್ಷರ ಶ್ರೀಮತಿಯವರಿಂದ ಗಿಟಾರ್ ವಾದನ! ಯಾರೂ ಎದ್ದು ಹೋಗಬಾರದು, ಫೈನಲ್ ಇನ್ನೂ ಇದೆ!"

ಸ್ಟೇಜಿನ ಮೇಲೆ ಷಡಕ್ಷರಿ ಅವಳ ಎದುರಿಗೆ ಮೈಕು ನಿಲ್ಲಿಸಿದ. "ಹೊಸಾ ಮೈಕ್ ಅಕ್ಕ. ಇದರ ಮುಂದೆ ಇರುವೆ ಸೀನಿದ್ರೂ ಬಸರೀಕಟ್ಟೆಗೆ ಕೇಳುತ್ತೆ."

ಅವಳಿಗೆ ಕೇಳಿದ್ದು ತನ್ನ ಎದೆಯ ಸದ್ದು ಮಾತ್ರ. ಮೆಂಬರ್ ಬಂದು ಕುರ್ಚಿಯ ಕೆಳಗೆ ಮಲಗಿ ಅವಳನ್ನೇ ನೋಡುತ್ತಿತ್ತು. ಅಯ್ಯೋ, ಊಳಿಟ್ಟರೆ? ಕೈಗಳು ಬೆಳಿಗ್ಗೆ ಮಾಡಿದ್ದನ್ನೇ ಮತ್ತೆ ಮಾಡಿದವು. ಯಾವ ವೈರು ಎಲ್ಲಿಗೋ ಅಲ್ಲಲ್ಲಿಗೆ ಸೇರಿಸಿದವು, ಸೆರಗು ಸರಿಮಾಡಿದವು, ಕಿವಿ ಮುಚ್ಚಿದವು. ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದು ಚಮಚದ ಚೂರನ್ನು ತಂತಿಗೆ ಎಳೆದಳು.

ಏನು ನಾದ! ಇಡೀ ಮೈದಾನ ಗಪ್‌ಚಿಪ್ಪಾಯಿತು. ಸೋಮನಾಥನ ಬಾಯಿ ಕೂಡ ನಿಂತಿತ್ತು. ಮೆಂಬರ್ ನಿದ್ದೆ ಹೋಯಿತು. ವೀರಮ್ಮ ಒಬ್ಬಳೇ ನದಿಗೆ ಇಳಿದವಳ ಹಾಗೆ ಸ್ವರದೊಳಗೆ ಇಳಿದಳು.

ಹಾಂ, ಉಂಗುರದ ಬೆರಳು ಇಲ್ಲಿ. ತಪ್ಪಿತು, ಪರವಾಗಿಲ್ಲ, ಮುಂದೆ ಹೋಗು. ಅಗೋ, ಚಿಕ್ಕಕ್ಕ ಮುಂದಿನ ಸಾಲಲ್ಲೇ ಕೂತಿದ್ದಾಳೆ. ಗೌರಿಹಬ್ಬಕ್ಕೆ ಒಯ್ದ ಇಡ್ಲಿ ಪಾತ್ರೆ, ದೀಪಾವಳಿ ಹೋಯ್ತು, ಶಿವರಾತ್ರಿ ಹೋಯ್ತು, ಪಾತ್ರೆ ಮಾತ್ರ ಬರ್ಲಿಲ್ಲ. ಮಾತಾಡುವಾಗ ಮಾತ್ರ ವೀರಮ್ಮೋರೆ, ವೀರಮ್ಮೋರೆ. ಬೆರಳು ಒತ್ತು. ಈ ಸೋಮನಾಥ ಎಲ್ಲರ ಆಟಕ್ಕೂ ಹೆಸರಿಡ್ತಾನೆ, ಇವನು ಹೊಡೆದ ಸರ್ವೀಸು ಒಂದಾದ್ರೂ ನೆಟ್ ದಾಟಿದ್ದುಂಟಾ? ನಮ್ಮನೆಯವರೋ, ಸೋಮವಾರ ಒಪ್ಪೊತ್ತು ಅಂತ ಮನೆಯಲ್ಲಿ ಎರಡು ಬಾಳೆಹಣ್ಣು ತಿಂದು, ಅಂಗಡಿಯಲ್ಲಿ ಪೇಂಟ್ ಡಬ್ಬದ ಹಿಂದೆ ಕೂತು ಮೆಣಸಿನಕಾಯಿ ಬೋಂಡ ತಿಂತಾರೆ. ಶಿವನಿಗೆ ಗೊತ್ತಾಗಲ್ಲ ಅಂದ್ಕೊಂಡಿದ್ದಾರೆ, ನನಗಂತೂ ಶರ್ಟಿನ ಎಣ್ಣೆ ಕಲೆಯಲ್ಲೇ ಗೊತ್ತಾಗ್ತದೆ.

ಈಗ ಕೊನೆಯ ಸಾಲು. ನಿಧಾನ. ಹೆಣ್ಣು ನೋಡೋಕೆ ಬಂದ ದಿನ, ಹಾಡ್ತೀಯಾ ಅಂತ ಇವರೇ ಕೇಳಿದ್ರು. ಹಾಡಿದೆ. ಆಮೇಲೆ ಒಂದು ದಿನ ಕೇಳ್ಲಿಲ್ಲ. ಅಂಗಡಿಯಲ್ಲಿ ಟಾರ್ಚು ಕೊಳ್ಳೋವಾಗ ಹೊತ್ತುತ್ತಾ ಅಂತ ಒಂದು ಸಲ ಒತ್ತಿ ನೋಡ್ತಾರಲ್ಲ, ಅಷ್ಟೇ ಅದು. ಟಾರ್ಚಿಗೇನು ಗೊತ್ತು ಪಾಪ, ಇಡೀ ಜನ್ಮ ಹೊತ್ತಿಸ್ತಾರೆ ಅಂದ್ಕೊಂಡಿರ್ತದೆ. ಆಯ್ತು, ಮುಗೀತು. ಕೈ ಎತ್ತು.

ಕೈ ಎತ್ತಿದಳು. ಹೆಡ್‌ಫೋನ್ ತೆಗೆದಳು.

ಸಿಡಿಲು ಬಡಿದ ಹಾಗೆ ಚಪ್ಪಾಳೆ. ಹೆಂಗಸರ ಕಡೆಯವರೆಲ್ಲ ಎದ್ದು ನಿಂತಿದ್ದರು. ಯಾರೋ ಶಿಳ್ಳೆ ಹೊಡೆದರು. ಸುಣ್ಣ ಹಾಕುತ್ತಿದ್ದವನು ಎಲ್ಲೋ ನೋಡುತ್ತ ಗೆರೆಯನ್ನು ಉಪ್ಪಿಟ್ಟಿನ ಮೇಜಿನವರೆಗೂ ಎಳೆದುಬಿಟ್ಟಿದ್ದ. ವೀರಮ್ಮನ ಕಣ್ಣು ತುಂಬಿ ಬಂತು. ಒಂದು ವಚನಕ್ಕೆ ಇಷ್ಟು ಜನ ಹೀಗೆ ಕರಗುತ್ತಾರೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

ಮೆಟ್ಟಿಲಿಳಿಯುವಾಗ ಚಿಕ್ಕಕ್ಕ ಎದುರಾದಳು. ಮುಖ ಕೆಂಪಗೆ. "ಪಾತ್ರೆ ನಾಳೆ ಬೆಳಗಾಗೋದ್ರೊಳಗೆ ನಿಮ್ಮ ಬಾಗಿಲಲ್ಲಿರ್ತದೆ, ವೀರಮ್ಮೋರೆ. ಓ, ಹಾಗೆ ಕರೀಬಾರ್ದೇನೋ."

"ಯಾವ ಪಾತ್ರೆ?" ವೀರಮ್ಮ ತಬ್ಬಿಬ್ಬಾದಳು.

ಸೋಮನಾಥ್ ಮೈಕಿಲ್ಲದೆ, ಸಣ್ಣ ದನಿಯಲ್ಲಿ, "ಕೊಪ್ಪದಲ್ಲಿ ಆಡಿದಾಗ ಎರಡು ಸರ್ವೀಸ್ ದಾಟಿತ್ತು ಅಕ್ಕ. ಸಾಕ್ಷಿ ಇದ್ದಾರೆ" ಎಂದು ಹೇಳಿ ತಲೆ ತಗ್ಗಿಸಿಕೊಂಡು ಹೋದ.

ಷಡಕ್ಷರಿ ಓಡಿ ಬಂದ. "ಅಕ್ಕ, ಆ ಹೆಡ್‌ಫೋನ್ ತೆಗೆಯೋದಲ್ವಾ! ಗಿಟಾರ್ ಸೌಂಡು ಒಂಚೂರೂ ಹೊರಗೆ ಬರ್ತಿಲ್ಲ. ಬರಲಿ ಅಂತ ನಾನು ಮೈಕು ಪೂರ್ತಿ ಏರಿಸ್ದೆ, ಏರಿಸ್ದೆ..."

"ಹಾಗಾದ್ರೆ ಜನ ಕೇಳಿದ್ದು?"

"ನೀವು ಹೇಳಿದ್ದು."

"ನಾನೆಲ್ಲಿ ಹೇಳ್ದೆ? ಮನಸ್ಸಲ್ಲಿ ಅಂದ್ಕೊಂಡೆ!"

"ಗಟ್ಟಿಯಾಗಿ ಅಂದ್ಕೊಂಡ್ರಿ ಅಕ್ಕ."

ಸ್ಟೇಜಿನ ಹಿಂದೆ ವೃಷಭೇಂದ್ರಪ್ಪ ನಿಂತಿದ್ದ. ಶರ್ಟಿನ ಹೊಟ್ಟೆಯ ಭಾಗವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದ. ಅವಳನ್ನು ನೋಡಿ ಅಂದ: "ಗಿಟಾರ್ ನುಡಿಸ್ತೀನಿ ಅಂದಿದ್ದೆ ನೀನು."

"ನುಡಿಸಿದೆ ಕಣ್ರೀ! ಒಂದು ಸ್ವರಾನೂ ಬಿಡದ ಹಾಗೆ ನುಡಿಸಿದೆ!" ವೀರಮ್ಮ ಗಿಟಾರನ್ನು ಮುಂದೆ ಹಿಡಿದು ತೋರಿಸಿದಳು. ಹುಟ್ಟಿದಾಗಿನಿಂದ ಅಷ್ಟು ಚೆನ್ನಾಗಿ ಅವಳು ಏನನ್ನೂ ಮಾಡಿರಲಿಲ್ಲ. ಅದನ್ನು ಕೇಳಿದವಳು ಅವಳೊಬ್ಬಳೇ.

ಆಗ ಅಡ್ಡಗದ್ದೆಯ ದೇವರಾಜ ತನ್ನ ಟೀಮನ್ನೆಲ್ಲ ಹಿಂದಿಟ್ಟುಕೊಂಡು ಬಂದು ಕೈ ಮುಗಿದ. ಸೋತ ಬೇಸರ ಮುಖದಲ್ಲಿ ಎಲ್ಲೂ ಇರಲಿಲ್ಲ.

"ಅಕ್ಕ, ಮುಂದಿನ ಭಾನುವಾರ ಶೃಂಗೇರಿಯಲ್ಲಿ ನಮ್ಮ ಟೂರ್ನಮೆಂಟ್ ಉಂಟು. ನೀವು ಬರ್ಲೇಬೇಕು. ಸುದ್ದಿ ಕೇಳಿ ನಮ್ಮೂರ ಹೆಂಗಸರೆಲ್ಲ ಈಗ್ಲೇ ಫೋನ್ ಮಾಡಿ ಹೇಳ್ತಿದ್ದಾರೆ."

ವೀರಮ್ಮ ಕಣ್ಣೊರೆಸಿಕೊಂಡು ಗಿಟಾರನ್ನು ಎದೆಗೆ ಒತ್ತಿಕೊಂಡಳು. ಹೋದ ಜೀವ ಮರಳಿದ ಹಾಗಾಯಿತು. "ಬರ್ತೀನಪ್ಪ. ಆದ್ರೆ ಗಿಟಾರ್ ಇಲ್ಲದೆ ನಾನು ಸ್ಟೇಜ್ ಹತ್ತೋದಿಲ್ಲ, ಈಗ್ಲೇ ಹೇಳಿದ್ದೀನಿ."

"ಧಾರಾಳವಾಗಿ ತನ್ನಿ ಅಕ್ಕ," ಅಂದ ದೇವರಾಜ, "ಎಂತ ತೊಂದ್ರೆ ಇಲ್ಲ. ನಾವು ಅದಕ್ಕೆ ಕರೆಂಟು ಕೊಡೂದಿಲ್ಲ, ಅಷ್ಟೆ."