ಮೋಡದಲ್ಲೊಂದು ಲೋಪಸಂಧಿ

“ನನ್ನ ಷಷ್ಟ್ಯಬ್ದಿಗೆ ಫೋಟೋದವ ಬ್ಯಾಡ! ಒಂದಲ್ಲ, ನೂರು ಫೋಟೋ ನಾನೇ ತಗೀತೀನಿ!”

ಹೊಸಪೇಟೆಯ ನಿವೃತ್ತ ಕನ್ನಡ ಮೇಷ್ಟ್ರು ತಿರುಮಲಾಚಾರ್ಯರು ತಮ್ಮ ಪಡಸಾಲೆಯಲ್ಲಿ ನಿಂತು, ದಿಗ್ವಿಜಯಕ್ಕೆ ಹೊರಟ ಅರಸನಂತೆ ಹೀಗೆ ಸಾರಿದಾಗ, ಅವರ ಪತ್ನಿ ಲಕ್ಷ್ಮೀಬಾಯಿ ಚವಳಿಕಾಯಿ ಸೋಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು:

“ಅಲ್ರೀ, ಷಷ್ಟ್ಯಬ್ದಿ ಯಾರದು?”

“ನಂದು.”

“ಮಣಿ ಮ್ಯಾಲ ಕೂಡೋರು ಯಾರು?”

“ನಾನು.”

“ಫೋಟೋ ತಗಿಯೋರು?”

“ನಾನೇ!”

“ಹಂಗಾದ್ರ ಫೋಟೋದಾಗ ನನ್ನ ಪಕ್ಕಕ್ಕ ಯಾರು ಕೂಡ್ತಾರ್ರಿ?”

ಉತ್ತರ ಹೊಳೆಯದಾಗ ವಿಷಯ ಬದಲಿಸುವುದು ಮೂವತ್ನಾಲ್ಕು ವರ್ಷ ಪಾಠ ಹೇಳಿದವರಿಗೆ ಕಷ್ಟವೇ? ಹೊಸದಾಗಿ ಕೊಂಡ ಡಿಜಿಟಲ್ ಕ್ಯಾಮರಾವನ್ನು ಅಂಗೈಯಲ್ಲಿಟ್ಟು ಸಾಲಿಗ್ರಾಮ ತೋರಿಸಿದಂತೆ ತೋರಿಸಿದರು. “ರೀಲು ಬ್ಯಾಡ, ತೊಳಿಯೋದು ಬ್ಯಾಡ. ಒತ್ತಿದ್ರ ಬಂತು!” ಮದುವೆ ಮುಂಜಿಗಳಿಗೆಲ್ಲ ಫೋಟೋ ತೆಗೆಯುತ್ತಿದ್ದ ಸ್ಟುಡಿಯೋ ಪಕೀರಪ್ಪ ತಾನಾಗಿಯೇ ಮನೆಗೆ ಬಂದು ಕೇಳಿದಾಗಲೂ ಚಹಾ ಕೊಟ್ಟು ಕಳಿಸಿಬಿಟ್ಟರು.

ಲಕ್ಷ್ಮೀಬಾಯಿಯವರಿಗೆ ನೂರು ಫೋಟೋ ಬೇಕಿರಲಿಲ್ಲ. ಬೇಕಾಗಿದ್ದುದು ಒಂದೇ ಒಂದು. ಅವರ ಅಣ್ಣ ಸುಮಧ್ವಾಚಾರ್ಯ ಮತ್ತು ತಮ್ಮ ಅಕ್ಷೋಭ್ಯಾಚಾರ್ಯ ಮಾತು ಬಿಟ್ಟು ಆರು ವರ್ಷವಾಗಿತ್ತು. ಅದಿರಿನ ಸುಗ್ಗಿ ಶುರುವಾದಾಗ ಅಣ್ಣ ಸಂಡೂರು ರಸ್ತೆಯ ಹೊಲದಲ್ಲಿ ತನ್ನ ಅರ್ಧವನ್ನು ಅದಿರು ಸುರಿಯಲು ಕೊಟ್ಟ. ಪಕ್ಕದ ಅರ್ಧದಲ್ಲಿ ತಮ್ಮನ ಬಿಳಿಜೋಳ ಅದಿರಿನ ಧೂಳಿಗೆ ಕೆಂಪುಜೋಳವಾಯಿತು! ನಡುವೆ ಬೇಲಿ ಬಂತು. ಅಂದಿನಿಂದ ಕಂಪ್ಲಿಯಲ್ಲಿದ್ದ ಮುದಿ ತಾಯಿಯನ್ನು ನೋಡಲು ಒಬ್ಬ ಸೋಮವಾರ ಬಂದರೆ ಇನ್ನೊಬ್ಬ ಗುರುವಾರ ಬರುತ್ತಿದ್ದ. ಆ ತಾಯಿ ಮಗಳಿಗೆ ಕಡ್ಡಿ ಮುರಿದಂತೆ ಹೇಳಿದ್ದರು: “ಷಷ್ಟ್ಯಬ್ದಿಗೆ ಇಬ್ಬರೂ ಬರ್ತಾರಂತ ನೀ ಬಾಯಿಲೆ ಹೇಳಿದ್ರ ನಾ ನಂಬಂಗಿಲ್ಲ. ಇಬ್ಬರೂ ಒಟ್ಟಿಗೆ ನಿಂತ ಫೋಟೋ ತಂದು ನನ್ನ ಕೈಯಾಗ ಇಡು.”

ಷಷ್ಟ್ಯಬ್ದಿಯ ದಿನ ಇಬ್ಬರೂ ಮಠಕ್ಕೆ ಬಂದರು. ಊಟದ ಪಂಕ್ತಿ ಬೇರೆ ಬೇರೆ, ಕೂತ ಕಂಬ ಬೇರೆ ಬೇರೆ! ಆದರೂ ಲಕ್ಷ್ಮೀಬಾಯಿ ಒಬ್ಬೊಬ್ಬರ ಮುಂಗೈ ಹಿಡಿದು ಎಳೆತಂದು ಮಠದ ಅಂಗಳದಲ್ಲಿ ತಮ್ಮ ಎಡಬಲಕ್ಕೆ ನಿಲ್ಲಿಸಿಕೊಂಡರು. “ರೀ! ಜಲ್ದಿ ಬರ್ರಿ!” ಎಂದು ಕೂಗಿದರು. ಅತ್ತ ಹೋಮಕುಂಡದ ಮುಂದೆ ಕೂತಿದ್ದ ಯಜಮಾನರು ಒದ್ದೆ ಪಂಚೆಯಲ್ಲೇ ದಡಕ್ಕನೆ ಎದ್ದರು.

“ಆಚಾರ್ರ, ಬೆರಳಾಗ ಪವಿತ್ರ ಅದ! ಎಲ್ಲಿ ಹೊಂಟ್ರಿ?” ಎಂದು ಪುರೋಹಿತರು ಅರಚಿದರು.

“ಪವಿತ್ರ ಕಾರ್ಯಕ್ಕ!” ಎಂದು ಉತ್ತರಿಸಿ ಓಡಿಬಂದ ಮೇಷ್ಟ್ರು, ದರ್ಭೆಯ ಉಂಗುರದ ಕೈಯಿಂದಲೇ ಕ್ಯಾಮರಾ ಎತ್ತಿ ಒತ್ತಿದರು. ಬೆಂಕಿಪೊಟ್ಟಣದಷ್ಟು ಪರದೆ, ಕಣ್ಣಿಗೆ ಕನ್ನಡಕವಿಲ್ಲ, ಮೇಲೆ ರಣಬಿಸಿಲು. “ಬಂದದ, ಬಂದದ, ಭಾಳ ಛಂದ ಬಂದದ!” ಎಂದು ಹೋಮಕ್ಕೆ ಮರಳಿದರು. ಮರುಕ್ಷಣವೇ ಅಣ್ಣ ಒಂದು ಕಂಬಕ್ಕೂ ತಮ್ಮ ಇನ್ನೊಂದು ಕಂಬಕ್ಕೂ ಮರಳಿದರು.

ಇನ್ನು ನೂರಾ ಹನ್ನೆರಡು ಫೋಟೋಗಳನ್ನು ಕಾಪಾಡುವ ಪ್ರಶ್ನೆ. ಮೇಷ್ಟ್ರ ಹಳೆಯ ಶಿಷ್ಯ ಮನೋಹರ್ ಸ್ಟೇಷನ್ ರಸ್ತೆಯಲ್ಲಿ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ. ನಲವತ್ತು ದಾಟಿದ, ಇಬ್ಬರು ಮಕ್ಕಳ ತಂದೆಯಾದ ಆ ಶಿಷ್ಯ ಗುರುಗಳನ್ನು ಕಂಡೊಡನೆ ಇಂದಿಗೂ ಎದ್ದು ನಿಲ್ಲುತ್ತಿದ್ದ. ಕಾರಣ ಗೌರವವೂ ಹೌದು, ಭಯವೂ ಹೌದು. ‘ಸಂಧಿ’ ಎಂದು ಬರೆಯಬೇಕಾದಲ್ಲೆಲ್ಲ ಆತ ‘ಸಂದಿ’ ಎಂದು ಬರೆಯುತ್ತಿದ್ದ. “ಸಂದಿ ಅಂದ್ರ ಓಣಿ ಲೇ! ಹೊಟ್ಟಿ ಸೀಳಿದ ಧ ಎಲ್ಲಿ?” ಎಂದು ಮೇಷ್ಟ್ರು ಅವನ ಪುಸ್ತಕವನ್ನು ಕೆಂಪು ಶಾಯಿಯಲ್ಲಿ ಮೀಯಿಸಿದ್ದರು.

“ಸೀಡಿಗೆ ಹಾಕಿಕೊಡು,” ಎಂದರು ಮೇಷ್ಟ್ರು.

“ಸೀಡಿ ಬ್ಯಾಡ್ರಿ ಸರ್. ಈ ಲಾರಿ ಧೂಳಿಗೆ ಮೂರು ತಿಂಗಳೂ ಬಾಳಂಗಿಲ್ಲ. ನನ್ನ ಕಂಪ್ಯೂಟರೊಳಗ ಇಟ್ರ ಅದಕ್ಕೂ ಧೂಳು. ಈಗ ಹೊಸಾದು ಬಂದೈತ್ರಿ, ಕ್ಲೌಡ್ ಅಂತಾರ. ಮೋಡದಾಗ ಇಟ್ಬಿಡ್ರಿ.”

ಮೇಷ್ಟ್ರು ಬಾಗಿಲಾಚೆ ಇಣುಕಿದರು. ರಸ್ತೆ ಕೆಂಪು, ಗಿಡಮರ ಕೆಂಪು, ಎದುರು ಅಂಗಡಿಯ ಬಿಳಿ ನಾಯಿಯೂ ಕೆಂಪು. ಆಕಾಶದಲ್ಲಿ ಮಾತ್ರ ಒಂದು ತುಣುಕು ಮೋಡ ಮಲ್ಲಿಗೆಯಂತೆ ಬೆಳ್ಳಗಿತ್ತು. ಅವರಿಗೆ ತಟ್ಟನೆ ಮನವರಿಕೆಯಾಯಿತು. “ಖರೇ ಅದಪ್ಪ! ಅಲ್ಲಿಗೆ ಯಾವ ಲಾರಿನೂ ಹೋಗಂಗಿಲ್ಲ!”

ಮನೋಹರ್ ಎಲ್ಲವನ್ನೂ ಏರಿಸಿದ. ಕೊನೆಯಲ್ಲಿ, “ಸರ್, ಪಾಸ್‌ವರ್ಡ್ ನೀವೇ ಒತ್ರಿ. ಯಾರಿಗೂ ಹೇಳಬ್ಯಾಡ್ರಿ, ನನಗೂ,” ಎಂದು ಆ ಕಡೆ ತಿರುಗಿ ನಿಂತ. ಮೇಷ್ಟ್ರು ತಮ್ಮ ಪ್ರಾಣಪ್ರಿಯ ಪದವನ್ನೇ ಆರಿಸಿದರು: ಲೋಪಸಂಧಿ! ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಪರದೆಯ ಮೇಲೆ ಮೂಡಿದ್ದು ಬರಿಯ ಚುಕ್ಕಿಗಳು. ಮರೆತರೆ ಇರಲಿ ಎಂದು ಯಂತ್ರ ಹುಟ್ಟೂರನ್ನೂ ಕೇಳಿತು. ಅದನ್ನೂ ಹೇಗೋ ಒತ್ತಿದರು.

“ಸರ್, ಕ್ಯಾಮರಾದಾಗಿನ ಫೋಟೋ ಅಳಸಬ್ಯಾಡ್ರಿ. ಅವೂ ಇರ್ಲಿ.”

“ಅಲ್ಲಿ ಇದ್ದ ಮ್ಯಾಲ ಇಲ್ಲಿ ಯಾಕ? ಅದು ಪುನರುಕ್ತಿದೋಷ!” ಎಂದ ಮೇಷ್ಟ್ರು ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು ನೂರಾ ಹನ್ನೆರಡನ್ನೂ ಅಳಿಸಿದರು. ಅದೇ ವಾರ ಮನೋಹರನ ಕಂಪ್ಯೂಟರಿಗೆ ಧೂಳು ಹೊಕ್ಕು, ಅದರ ಹೊಟ್ಟೆಯನ್ನೆಲ್ಲ ತೊಳೆದು ಖಾಲಿ ಮಾಡಬೇಕಾಯಿತು.

ಸೋಮವಾರ ಲಕ್ಷ್ಮೀಬಾಯಿ ಕೇಳಿದರು. “ಬರೋ ಭಾನುವಾರ ಕಂಪ್ಲಿಗೆ ಹೋಗ್ಬೇಕು. ಅಣ್ಣ ತಮ್ಮಂದು ಫೋಟೋ ಎಲ್ಲಿ ಅದ?”

“ಮೋಡದಾಗ.”

ಲಕ್ಷ್ಮೀಬಾಯಿ ಹೊರಗೆ ಹೋಗಿ ಆಕಾಶ ನೋಡಿ ಬಂದರು. “ಮೋಡ ಎಲ್ಲಿ ಅದರೀ? ಆಕಾಶ ಬಟಾಬಯಲು ಆಗ್ಯದ!”

“ಆ ಮೋಡ ಅಲ್ಲ, ಇದು ಬ್ಯಾರೆ ಮೋಡ. ನೀ ಸುಮ್ನಿರು, ತರ್ತೀನಿ.”

ಸೆಂಟರಿಗೆ ಹೋಗಿ ಕೂತು ‘ಲೋಪಸಂಧಿ’ ಒತ್ತಿದರು. ತಪ್ಪು ಎಂದಿತು ಯಂತ್ರ. ಲೋ ದೀರ್ಘವಲ್ಲವೇ, ಎರಡು ಓ ಹಾಕಿದರು. ತಪ್ಪು! ಅನುಸ್ವಾರಕ್ಕೆ ಎನ್ ಬದಲು ಎಮ್ ಹಾಕಿದರು. ತಪ್ಪು! ಮೂರು ಸಲ ತಪ್ಪಿದ್ದಕ್ಕೆ ಇಂದಿಗೆ ಬಾಗಿಲು ಬಂದ್, ನಾಳೆ ಬಾ ಎಂದಿತು ಯಂತ್ರ. ಎಷ್ಟೋ ತಲೆಮಾರಿನ ಮಕ್ಕಳಿಗೆ ತಪ್ಪು ಹಾಕಿದವರಿಗೆ ಒಂದು ಪೆಟ್ಟಿಗೆ ತಪ್ಪು ಹಾಕಿ ಹೊರಗೆ ಕಳಿಸಿತ್ತು!

“ಏನು ಒತ್ತಿದ್ದು ಅಂತ ಕಾಣಲಿಲ್ಲೇನು?” ಎಂದರು ಲಕ್ಷ್ಮೀಬಾಯಿ.

“ಬರೇ ಚುಕ್ಕಿ ಕಂಡ್ವು.”

“ಎಷ್ಟು?”

“ಎಣಿಸಲಿಲ್ಲ.”

“ರಂಗೋಲಿ ಹಾಕೋ ಕೂಸೂ ಚುಕ್ಕಿ ಎಣಿಸ್ತದ್ರೀ!”

ಮಂಗಳವಾರ ಹುಟ್ಟೂರಿನ ದಾರಿ ಹಿಡಿದರು. ಹೊಸಪೇಟೆ ಎಂದು ಒತ್ತಿದರು. ತಪ್ಪು! ಹುಟ್ಟಿದ ಊರೇ ತಪ್ಪು ಎಂದ ಮೇಲೆ ಮನುಷ್ಯ ಎಲ್ಲಿಗೆ ಹೋಗಬೇಕು? ಮೇಷ್ಟ್ರು ಗೊಂದಲದಲ್ಲಿ ಹೊರಬಂದು ತಲೆ ಎತ್ತಿದರೆ, ಸ್ಟೇಷನ್ನಿನ ಬೋರ್ಡಿನಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ ಒಂದು ಥರ, ಔಷಧದಂಗಡಿಯ ಬೋರ್ಡಿನಲ್ಲಿ ಇನ್ನೊಂದು ಥರ! ತಾವು ಅಂದು ಒತ್ತಿದ್ದು ಯಾವ ಥರ? ಎಲ್ಲ ಥರವನ್ನೂ ಪಟ್ಟಿ ಮಾಡಿ ಒಂದೊಂದಾಗಿ ಒತ್ತಿದರಾಯಿತು!

ಬುಧವಾರ ಬೆಳಿಗ್ಗೆ ಮೂಗಿಗೆ ಅಂಗವಸ್ತ್ರ ಕಟ್ಟಿ, ನೋಟುಬುಕ್ಕು ಹಿಡಿದು ಸಂಡೂರು ರಸ್ತೆಯ ಪಕ್ಕ ನಿಂತರು. ಪ್ರತಿ ಲಾರಿಯ ಬಾಗಿಲ ಮೇಲೂ ಊರಿನ ಹೆಸರು ಬರೆದಿರುತ್ತದಲ್ಲ! ಲಾರಿ ಬಂದಂತೆ ನೋಡುವುದು, ಬರೆದುಕೊಳ್ಳುವುದು. ಹತ್ತು ನಿಮಿಷದಲ್ಲಿ ಲಾರಿಗಳ ಸಾಲು ನಿಧಾನವಾಯಿತು. ಹಿಂದಿನ ಕೆಲವು ಲಾರಿಗಳು ದಾರಿಯಲ್ಲೇ ತಿರುಗಿ ಬಂದ ಕಡೆಗೇ ಓಡಿದವು! ಒಬ್ಬ ಚಾಲಕ ಇಳಿದು ಕೈಮುಗಿದು ಬಂದ.

“ಸಾಹೇಬ್ರ, ನನ್ನ ಹೆಸರು ಗುಡ್ಡಪ್ಪ ಅಂತ್ರಿ. ಬರ್ಕೋಬ್ಯಾಡ್ರಿ. ಲೋಡು ಒಂದ್ ಚೂರು ಜಾಸ್ತಿ ಐತಿ ಅಷ್ಟ.”

“ಲೋಡಿನ ಮಾತು ಬಿಡಪ್ಪ. ನಿನ್ನ ಲಾರಿ ಮ್ಯಾಲ ಊರಿನ ಹೆಸರೇ ತಪ್ಪದ! ಇಂಗ್ಲಿಷ್‌ನಾಗ ಕೊನೀಗೆ ಒಂದು ‘ಇ’ ಕಡಿಮಿ ಅದ.”

ಗುಡ್ಡಪ್ಪ ಲಾರಿ ನೋಡಿದ, ಮೇಷ್ಟ್ರನ್ನು ನೋಡಿದ. “ಇ ಹಾಕ್ಸಿದ್ರ ಬಿಡ್ತೀರೇನ್ರಿ?”

“ಧಾರಾಳವಾಗಿ ಹೋಗು.”

“ಇವತ್ತ ಹಾಕಿಸ್ತೀನ್ರಿ! ಬೇಕಂದ್ರ ಎರಡು ಹಾಕಿಸ್ತೀನಿ!”

ಒಟ್ಟು ಒಂಬತ್ತು ಥರ ಸಿಕ್ಕವು. ದಿನಕ್ಕೆ ಮೂರರಂತೆ ಬುಧ, ಗುರು, ಶುಕ್ರ ಒಂಬತ್ತನ್ನೂ ಒತ್ತಿದರು. ಒಂಬತ್ತೂ ತಪ್ಪು. ಶನಿವಾರ ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ನಿಂತ ಮೇಷ್ಟ್ರ ದನಿ, ಕೈಯಲ್ಲಿ ಖಾಲಿ ಸ್ಲೇಟು ಹಿಡಿದ ವಿದ್ಯಾರ್ಥಿಯ ದನಿಯಾಗಿತ್ತು.

“ಲಕ್ಷ್ಮೀ, ಫೋಟೋ ಸಿಗಂಗಿಲ್ಲ. ಕ್ಯಾಮರಾದಾಗಿಂದೂ ನಾನೇ ಅಳಿಸೀನಿ.”

ಲಕ್ಷ್ಮೀಬಾಯಿ ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡರು. “ಅಮ್ಮ ಎರಡು ಸಲ ಫೋನ್ ಮಾಡಿದ್ಲು. ಚಷ್ಮಾ ಒರಸಿ ಇಟ್ಕೊಂಡೀನಿ ಅಂದ್ಲು,” ಎಂದರು ಮೆಲ್ಲಗೆ. ಆಮೇಲೆ ಎದ್ದು ಫೋನಿನ ಹತ್ತಿರ ಹೋದರು.

“ಅಣ್ಣಾ, ಇವ್ರು ಫೋಟೋ ಕಳದಾರ. ನಾಳೆ ನೀನೇ ಕಂಪ್ಲಿಗೆ ಬಾ. ಏನಂದಿ? ಅವನಾ? ಅವ ಆಗಲೇ ಬರ್ತೀನಂದಾನ!”

ಫೋನ್ ಇಟ್ಟು, ಇನ್ನೊಂದು ನಂಬರ್ ಒತ್ತಿದರು. “ಅಕ್ಷೋಭ್ಯಾ, ನಾಳೆ ಕಂಪ್ಲಿಗೆ ಬಾ. ಅಣ್ಣನಾ? ಅವ ಆಗಲೇ ಬರ್ತೀನಂದಾನ!” ಮೂರನೆಯ ಫೋನು ಸ್ಟುಡಿಯೋ ಪಕೀರಪ್ಪನಿಗೆ.

ಭಾನುವಾರ ಕಂಪ್ಲಿಯ ಮನೆಯಲ್ಲಿ ಮುದುಕಿ ಚಷ್ಮಾ ಏರಿಸಿ ಕೈ ಚಾಚಿ ಕೂತಿದ್ದರು. “ತಾ, ಫೋಟೋ ಎಲ್ಲಿ?”

“ಫೋಟೋ ಮೋಡದಾಗ ಸಿಕ್ಕೊಂಡದಮ್ಮ. ಅದಕ್ಕ ಅಸಲೇ ತಂದೀನಿ,” ಎಂದ ಮಗಳು ಪಕ್ಕಕ್ಕೆ ಸರಿದರು. ಹೊಸ್ತಿಲಲ್ಲಿ ಇಬ್ಬರು ಗಂಡುಮಕ್ಕಳು, ಒಬ್ಬರನ್ನೊಬ್ಬರು ನೋಡದೆ, ಭುಜಕ್ಕೆ ಭುಜ ಒತ್ತಿಕೊಂಡು ನಿಂತಿದ್ದರು. ಬಾಗಿಲು ಇಕ್ಕಟ್ಟಾಗಿದ್ದುದೂ ಒಳ್ಳೆಯದೇ ಆಯಿತು. ಮುದುಕಿ ಇಬ್ಬರ ಗದ್ದವನ್ನೂ ಮುಟ್ಟಿ ನೋಡಿದರು. ಅಣ್ಣ ಸುಮಧ್ವಾಚಾರ್ಯರು ಕೆಮ್ಮಿ, “ಈ ಸಲ ಜೋಳ ಹ್ಯಾಂಗದ?” ಎಂದರು. ತಮ್ಮ ಅಕ್ಷೋಭ್ಯಾಚಾರ್ಯರು ಗೋಡೆಗೆ ಹೇಳಿದರು: “ಕೆಂಪಗದ.” ಆರು ವರ್ಷಗಳಲ್ಲಿ ಅದೇ ಮೊದಲ ಸಂಭಾಷಣೆ. ಪಕೀರಪ್ಪ ತಾಯಿಯನ್ನು ನಡುವೆ ಕೂರಿಸಿ ಎಲ್ಲರ ಫೋಟೋ ತೆಗೆದ. ತಿರುಮಲಾಚಾರ್ಯರು ಅಂದು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಹೆಂಡತಿಯ ಪಕ್ಕ ಕೈಕಟ್ಟಿ ನಿಂತರು.

ಬುಧವಾರ ಮನೋಹರ್ ಮೇಷ್ಟ್ರ ಮನೆಗೆ ಓಡಿಬಂದ. “ಸರ್! ಮೋಡ ತೆರೀತ್ರಿ!”

“ಹ್ಯಾಂಗ ತೆರೀತೋ? ನನ್ನ ಗುಟ್ಟು ನಿನಗೇನು ಗೊತ್ತು?”

“ನೀವು ಆ ಸೋಮವಾರ ಒತ್ತುವಾಗ ಬಾಯಾಗ ಲೋಪಸಂಧಿ, ಲೋಪಸಂಧಿ ಅಂತಿದ್ರಲ್ರಿ, ಇಡೀ ಸೆಂಟರಿಗೆ ಗೊತ್ತೈತಿ. ಇವತ್ತ ನಾನೂ ಒತ್ತಿ ನೋಡಿದೆ. ನಾ ಬರಿಯೋ ಹಂಗ ಒತ್ತಿದೆ. ತೆರೀತು.”

“ನೀ ಬರಿಯೋ ಹಂಗ ಅಂದ್ರ?”

ಮನೋಹರ್ ನೆಲ ನೋಡಿದ. “ಡಿ ಆದಮ್ಯಾಲ ಎಚ್ ಇಲ್ರಿ ಸರ್. ಸಂದಿ.”

ಮೂವತ್ನಾಲ್ಕು ವರ್ಷ ಊರ ಮಕ್ಕಳಿಂದ ಮಹಾಪ್ರಾಣ ವಸೂಲು ಮಾಡಿದವರು, ಕಡೆಗೆ ಲೋಪಸಂಧಿಯಲ್ಲೇ ಲೋಪ ಮಾಡಿದ್ದರು.

ಲಕ್ಷ್ಮೀಬಾಯಿಯೂ ಸೇರಿ ಮೂವರೂ ಸೆಂಟರಿಗೆ ಹೋದರು; ಮೇಷ್ಟ್ರ ಕೈಯಲ್ಲಿ ಕ್ಯಾಮರಾ ಇತ್ತು. ಮೋಡ ತೆರೆದು ಆ ಫೋಟೋ ಪರದೆಯ ತುಂಬ ಮೂಡಿತು. ಎಡಕ್ಕೆ ಅಣ್ಣ, ಬಲಕ್ಕೆ ತಮ್ಮ. ನಡುವೆ ಮೇಲಿನಿಂದ ಕೆಳಗಿನವರೆಗೆ, ಬಾಳೆದಿಂಡಿನಷ್ಟು ದಪ್ಪಗೆ ಹಸಿರು ಹಸಿರಾಗಿ ಏನೋ ನಿಂತಿತ್ತು. ಮೇಷ್ಟ್ರ ಬೆರಳಿನ ಪವಿತ್ರದ ದರ್ಭೆ! ಹೊಲದಲ್ಲಿದ್ದ ಬೇಲಿ ಫೋಟೋದೊಳಗೂ ಬಂದು ನಿಂತಂತಿತ್ತು.

“ಇದರಾಗ ನಾ ಎಲ್ಲಿ ಅದೀನ್ರೀ?” ಎಂದರು ಲಕ್ಷ್ಮೀಬಾಯಿ.

“ನೀನು... ದರ್ಭಿ ಹಿಂದ ಅದಿ.”

ಪಡಸಾಲೆಯಲ್ಲಿ ನಡೆಯುತ್ತಿದ್ದ ಸಂಧಿಗಳ ಮನೆಪಾಠವನ್ನು ಮೂವತ್ನಾಲ್ಕು ವರ್ಷ ಅಡುಗೆಮನೆಯಿಂದಲೇ ಕೇಳಿದ ಆ ಮಹಾತಾಯಿ ಗಂಡನ ಕೈಯಿಂದ ಕ್ಯಾಮರಾ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ಒಂದೊಂದೇ ಬೆರಳು ಮಡಿಸುತ್ತ ಹೇಳಿದರು:

“ನಿಮ್ಮ ಫೋಟೋದಾಗ ನಾನೇ ಹೋದೆ, ಇದು ಲೋಪ. ಪಕೀರಪ್ಪನ ಫೋಟೋದಾಗ ಅಮ್ಮನೂ ಬಂದ್ಲು, ಇದು ಆಗಮ. ಇನ್ನ ಮುಂದ ನೀವು ಕ್ಯಾಮರಾ ಮುಟ್ಟಬಾರದು. ಇದು ಆದೇಶ!”